ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೋಟೋ: ಕೇಬಲ್ಲೋ, ಕಾರ್ಡ್ ರೀಡರೋ, ವೈಫೈಯೋ?

ಇದೆಲ್ಲ ಶುರುವಾಗಿದ್ದು ಅಜ್ಜಿಯ ಒಂದು ಫೋಟೋದಿಂದ. ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಾಗ ತೆಗೆದದ್ದು. ಕ್ಯಾಮೆರಾದಿಂದ ಫೋನಿಗೆ ಹಾಕಿ, ಮೆಸೇಜ್ ಆ್ಯಪಿನಲ್ಲಿ ನನಗೆ ನಾನೇ ಕಳಿಸಿಕೊಂಡು ಕಂಪ್ಯೂಟರಿಗೆ ಇಳಿಸಿದೆ. ಕಾರ್ಡ್ ಖಾಲಿ ಮಾಡಿಬಿಟ್ಟೆ. ಅಜ್ಜಿ ತೀರಿಕೊಂಡ ಮೇಲೆ ದಾವಣಗೆರೆಯ ಸ್ಟುಡಿಯೋದಲ್ಲಿ 12x18 ಇಂಚಿನ ಪ್ರಿಂಟ್ ಹಾಕಿಸಲು ಹೋದಾಗ ಗೊತ್ತಾಯಿತು, 6000x4000 ಪಿಕ್ಸೆಲ್ ಇದ್ದ ಫೋಟೋ 1600x1066ಕ್ಕೆ ಇಳಿದಿತ್ತು. 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 90 ಪಿಕ್ಸೆಲ್ ಕೂಡ ಸಿಗುವುದಿಲ್ಲ. ಟೋಪು ತೆನೆ ಸೆರಗಿನ ಚೂಪು ತೆನೆಗಳೆಲ್ಲ ಕರಗಿ ಕೆಂಪು ಕಲೆಯಂತೆ ಕಾಣುತ್ತಿದ್ದವು.

ಹಾಗಾಗಿ ಹೋದ ತಿಂಗಳು ಚಿತ್ರದುರ್ಗದ ಕೋಟೆಯಲ್ಲಿ ತೆಗೆದ 180 ಫೋಟೋಗಳನ್ನು ಮೂರೂ ದಾರಿಯಲ್ಲಿ ಇಳಿಸಿ ನೋಡಿದೆ. ರಾ (ಸೆನ್ಸರ್ ಹಿಡಿದದ್ದು ಹಾಗೇ ಇರುವ ಫೈಲ್) ಮತ್ತು ಜೆಪೆಗ್ (ಕುಗ್ಗಿಸಿದ ಮಾಮೂಲಿ ಫೋಟೋ ಫೈಲ್) ಸೇರಿ ಸುಮಾರು 6 ಜಿಬಿ.

ನನ್ನ ವೋಟು ಕಾರ್ಡ್ ರೀಡರಿಗೆ. ಯುಎಸ್‌ಬಿ 3.0 ರೀಡರಿನಲ್ಲಿ ಒಂದೂವರೆ ನಿಮಿಷದೊಳಗೆ ಮುಗಿಯಿತು. ಕ್ಯಾಮೆರಾದ ಬ್ಯಾಟರಿಯ ಚಿಂತೆಯೇ ಇಲ್ಲ. ಮೊದಲು ತೀರಾ ಅಗ್ಗದ ರೀಡರ್ ಒಂದನ್ನು ತಂದಿದ್ದೆ. ಸ್ವಲ್ಪ ಅಲುಗಿದರೂ ಕಾರ್ಡ್ ಮಾಯವಾಗುತ್ತಿತ್ತು. ಕಾಪಿ ಅರ್ಧಕ್ಕೆ ನಿಂತರೆ ಫೈಲ್ ಕೆಡುತ್ತದೆ, ಇಲ್ಲಿ ಮಾತ್ರ ಜಿಪುಣತನ ಬೇಡ. ಕೆಲಸ ಆದ ಮೇಲೆ ಕಾರ್ಡನ್ನು ಸುಮ್ನೆ ಕಿತ್ತುಕೊಳ್ಳಬೇಡಿ, ಇಜೆಕ್ಟ್ ಒತ್ತಿ ತೆಗೆಯಿರಿ.

ಕೇಬಲ್ ನಿಧಾನ. ನನ್ನ ಕ್ಯಾಮೆರಾದಲ್ಲಿರುವುದು ಯುಎಸ್‌ಬಿ 2.0, ನಾಲ್ಕು ನಿಮಿಷದ ಮೇಲೆ ಹಿಡಿಯಿತು. ಬ್ಯಾಟರಿ ತುಂಬಿಸಿಕೊಂಡೇ ಕೂರಬೇಕು. ಆದರೆ ಕ್ವಾಲಿಟಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡು ದಾರಿಯಲ್ಲಿ ಬಂದ ಒಂದೇ ಫೋಟೋದ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು, ತೆಗೆದು ನೋಡಿದೆ, ಒಂದಕ್ಷರವೂ ಬೇರೆಯಾಗಿರಲಿಲ್ಲ. ಕಾಪಿ ಮಾಡುವುದೆಂದರೆ ಬಿಟ್‌ಗೆ ಬಿಟ್ ನಕಲು, ಅಲ್ವಾ? ಕೇಬಲ್ ಬದಲಾದರೆ ಫೋಟೋ ಮಸುಕಾಗುತ್ತದೆ ಎಂಬ ಭಯ ಬೇಡ. ಮಸುಕಾಗುವುದು ದಾರಿಯಲ್ಲಿ ಯಾವುದೋ ಆ್ಯಪ್ ಜೆಪೆಗನ್ನು ಮತ್ತೆ ಕುಗ್ಗಿಸಿ ಸೇವ್ ಮಾಡಿದಾಗ.

ವೈಫೈಯಲ್ಲಿ ಎಚ್ಚರವಾಗಿರಬೇಕಾದದ್ದು ಇದಕ್ಕೇ. ನನ್ನ ಕ್ಯಾಮೆರಾದ ಆ್ಯಪ್ ತಾನಾಗಿಯೇ 2 ಮೆಗಾಪಿಕ್ಸೆಲ್ ಕಾಪಿ ಕಳಿಸುತ್ತಿತ್ತು. ಕೋಟೆಯ ಸಿಡಿಮದ್ದು ಅರೆಯುವ ಕಲ್ಲಿನ ಫೋಟೋ ಇತ್ತಲ್ಲ, ಅದನ್ನು ಪೂರ್ತಿ ಹಿಗ್ಗಿಸಿದೆ. ಕಾರ್ಡಿನಿಂದ ಬಂದದ್ದರಲ್ಲಿ ಕಲ್ಲಿನ ಒಂದೊಂದು ಹರಳೂ ಬೇರೆ ಬೇರೆ. ವೈಫೈಯಲ್ಲಿ ಬಂದದ್ದು ಸಿಮೆಂಟ್ ಬಳಿದಂತಿತ್ತು. ಸೆಟ್ಟಿಂಗಿನಲ್ಲಿ ಒರಿಜಿನಲ್ ಸೈಜ್ ಆರಿಸಿದ ಮೇಲೆ ಸರಿಹೋಯಿತು, ಆದರೂ ರಾ ಫೈಲ್ ಬರಲಿಲ್ಲ. ಹತ್ತು ನಿಮಿಷಕ್ಕೂ ಜಾಸ್ತಿ ಬೇಕಾಯಿತು. ಎರಡು ಮೂರು ಫೋಟೋ ಬೇಗ ಯಾರಿಗಾದರೂ ತೋರಿಸಬೇಕಾದರೆ ಸಾಕು.

ಮೆಸೇಜ್ ಆ್ಯಪಿನಲ್ಲಿ ಕಳಿಸಲೇಬೇಕಾಗಿ ಬಂದರೆ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ.

ಈಗ ನಾನು ಇಳಿಸಿದ ಮೇಲೆ ಎಷ್ಟು ಫೈಲ್ ಬಂದಿವೆ ಎಂದು ಎಣಿಸುತ್ತೇನೆ, ನಾಲ್ಕಾರು ತೆರೆದು ಪಿಕ್ಸೆಲ್ ಅಳತೆ ನೋಡುತ್ತೇನೆ. ಬೇರೆ ಹಾರ್ಡ್ ಡಿಸ್ಕಿಗೆ ಇನ್ನೊಂದು ಕಾಪಿ ಹೋಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ. ಕೋಟೆಯ ಕಾರ್ಡ್ ಇನ್ನೂ ಹಾಗೇ ಡಬ್ಬಿಯಲ್ಲಿದೆ.