ಹಳೆ ಎಂಜಿನ್‌ಗೆ ಟರ್ಬೊ ಕೂರಿಸುವ ಮೊದಲು ಇದನ್ನು ಓದಿ

ಕಾಸರಗೋಡು, ಮಂಗಳೂರು ಕಡೆಯವರು ಯಾರಾದರೂ ಹಳೆ ಪೆಟ್ರೋಲ್ ಕಾರಿಗೆ ಟರ್ಬೊ ಹಾಕಿಸುವ ಯೋಚನೆಯಲ್ಲಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ಅಪ್ಪನ ಮಾರುತಿ ಎಸ್ಟೀಮ್ ಕಾರು ನನ್ನ ಕೈಯಲ್ಲಿ ಹಾಳಾದದ್ದು ಹೀಗೆ.

ನಮ್ಮ ಮನೆ ಬದಿಯಡ್ಕದ ಹತ್ತಿರ. 2004ರಲ್ಲಿ ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ತೆಗೆದುಕೊಂಡ ಕಾರು ಅದು. 1298 ಸಿಸಿ ಎಂಜಿನ್, ಇಪ್ಪತ್ತು ವರ್ಷ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಆದರೆ ಎಸಿ ಹಾಕಿ ನಾಲ್ಕು ಜನ ಕೂತರೆ ಚಡಾವಿನಲ್ಲಿ ಪಿಕಪ್ ಸಾಲುತ್ತಿರಲಿಲ್ಲ. ದೊಡ್ಡ ಎಂಜಿನ್ ಕೂರಿಸುವ ಅಂತ ಮೊದಲು ಯೋಚಿಸಿದ್ದೆ. ಅದಕ್ಕೆ ಮೌಂಟಿಂಗ್, ವೈರಿಂಗ್, ಕೆಲವೊಮ್ಮೆ ಗೇರ್‌ಬಾಕ್ಸ್ ಕೂಡ ಬದಲಾಗಬೇಕು. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಬೇರೆ ಆಗುತ್ತದೆ. ಆಗ ಗ್ಯಾರೇಜಿನವರು ಹೇಳಿದರು: "ಇದೇ ಎಂಜಿನ್ ಇರಲಿ ಮಾರಾಯ್ರೆ, ಟರ್ಬೊ ಕೂರಿಸುವ. ನಂಬರ್ ಬದಲಾಗುವುದಿಲ್ಲ, ಆರ್‌ಟಿಒ ತಲೆಬಿಸಿ ಇಲ್ಲ. 65 ಸಾವಿರದಲ್ಲಿ ಮುಗಿಸಿ ಕೊಡ್ತೇನೆ."

ನಾನು ನಂಬಿದೆ. ಗುಜರಿಯಿಂದ ಒಂದು ಸಣ್ಣ ಡೀಸೆಲ್ ಕಾರಿನ ಟರ್ಬೊ ತಂದರು. ಅದನ್ನು ಕೂರಿಸಲು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನ ಹೊಗೆ ಹೊರಬರುವ ಪೈಪು, ವೆಲ್ಡ್ ಮಾಡಿದರು. ಅರ್ಧ ಬಾರ್ ಬೂಸ್ಟ್ ಇಟ್ಟರು, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಅರ್ಧ ಬಾರ್ ಜಾಸ್ತಿ. ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಕೇಳಿದ್ದಕ್ಕೆ, ಇಷ್ಟು ಕಡಿಮೆ ಬೂಸ್ಟ್‌ಗೆ ಸುಮ್ನೆ ಖರ್ಚು ಅಂದರು.

ಟರ್ಬೊ ಮಾಡುವ ಕೆಲಸ ಇಷ್ಟೇ. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿ ಒತ್ತುತ್ತದೆ. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಹೋಗಬೇಕು, ಅಲ್ವಾ? ಎಷ್ಟು ಗಾಳಿ ಬಂತು ಎಂದು ನಮ್ಮ ಕಾರಿನ ಕಂಪ್ಯೂಟರಿಗೆ ಹೇಳುವುದು ಮ್ಯಾಪ್ ಸೆನ್ಸರ್. ಟರ್ಬೊ ಇಲ್ಲದ ಕಾರಿನ ಸೆನ್ಸರ್ ಅಳೆಯುವುದು ಹೊರಗಿನ ಗಾಳಿಯ ಒತ್ತಡದವರೆಗೆ, ಅಂದರೆ ಸುಮಾರು ಒಂದು ಬಾರ್‌ವರೆಗೆ ಮಾತ್ರ. ಒಳಗೆ ಒಂದೂವರೆ ಬಾರ್ ಇದ್ದರೂ ಅದಕ್ಕೆ ಒಂದೇ ಕಾಣುತ್ತದೆ. ನನ್ನ ಕಾರಿನಲ್ಲಿ ಆ ಸೆನ್ಸರ್ ಬದಲಾಯಿಸಲೇ ಇಲ್ಲ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಹಳೆಯದೇ, ಕಂಪ್ಯೂಟರಿನ ಟ್ಯೂನಿಂಗ್ ಇಲ್ಲ. ಪೆಟ್ರೋಲ್ ಪ್ರೆಷರ್ ಸ್ವಲ್ಪ ಏರಿಸಿ ಬಿಟ್ಟಿದ್ದರು, ಅಷ್ಟೆ.

ಮೂರು ವಾರ ಕಾರು ಕುದುರೆ ಹಾಗೆ ಓಡಿತು. ಅದೇ ನನಗೆ ಮೋಸವಾದದ್ದು. ಬದಿಯಡ್ಕ, ಮುಳ್ಳೇರಿಯ, ಪೆರ್ಲದ ತಿರುವಿನ ರಸ್ತೆಗಳಲ್ಲಿ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಆಕ್ಸಿಲರೇಟರ್ ಪೂರ್ತಿ ಒತ್ತಲು ಆಗುವುದೇ ಇಲ್ಲ. ಬಿಸಿ ಏರುವ ಮೊದಲೇ ಕಾಲು ತೆಗೆಯುತ್ತೇವೆ. ಒಂದು ಮಧ್ಯಾಹ್ನ ಅಪ್ಪನನ್ನು ಕೂರಿಸಿಕೊಂಡು ಮಂಗಳೂರಿಗೆ ಹೊರಟೆ. ಕುಂಬಳೆ ದಾಟಿದ ಮೇಲೆ ಆರು ಲೇನಿನ ಹೊಸ ಹೈವೇ ಖಾಲಿ ಇತ್ತು. ನಾಲ್ಕನೇ ಗೇರಿನಲ್ಲಿ ಒತ್ತಿ ಹಿಡಿದೆ. ಅಪ್ಪ ಕೇಳಿದರು, "ಎಂತದು ಆ ಶಬ್ದ?" ತಗಡಿನ ಡಬ್ಬಿಯಲ್ಲಿ ಕರಿಮೆಣಸು ಹಾಕಿ ಕುಲುಕಿದ ಹಾಗೆ ಕೇಳುತ್ತಿತ್ತು. ಟರ್ಬೊ ಶಬ್ದ ಇರಬೇಕು ಅಂದೆ. ಉಪ್ಪಳ ಬರುವ ಮೊದಲು ಹಿಂದೆಲ್ಲ ನೀಲಿ ಹೊಗೆ, ಎಂಜಿನ್ ಮೂರೇ ಸಿಲಿಂಡರಿನಲ್ಲಿ ಕುಂಟುತ್ತಿತ್ತು. ಕಾರನ್ನು ಕಟ್ಟಿ ಎಳೆದುಕೊಂಡು ಹೋದೆವು. ಅಪ್ಪ ದಾರಿಯಿಡೀ ಒಂದು ಮಾತೂ ಆಡಲಿಲ್ಲ.

ಬೇರೆ ಗ್ಯಾರೇಜಿನಲ್ಲಿ ಎಂಜಿನ್ನಿನ ಹೆಡ್ ಇಳಿಸಿ ಪಿಸ್ಟನ್ ಹೊರಗೆ ತೆಗೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೂರನೇ ಸಿಲಿಂಡರಿನ ಪಿಸ್ಟನ್‌ನಲ್ಲಿ ಎರಡು ರಿಂಗ್‌ಗಳ ನಡುವಿನ ಅಂಚು ಉಗುರಿನಷ್ಟು ಅಗಲಕ್ಕೆ ಒಡೆದು ಹೋಗಿತ್ತು. ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಚುಕ್ಕೆಗಳು. ಅದು ಕರಗಿದ ಪಿಸ್ಟನ್‌ನ ಅಲ್ಯೂಮಿನಿಯಂ ಎಂದು ಮೆಕ್ಯಾನಿಕ್ ತೋರಿಸಿದರು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದಾಗ ಒಳಗೆ ವಿಪರೀತ ಬಿಸಿ. ಜೊತೆಗೆ ಒತ್ತಿದ ಗಾಳಿ ತಾನೇ ಬಿಸಿಯಾಗುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಹೊರಗೆ 35 ಡಿಗ್ರಿ ಇದ್ದರೆ, ಇಂಟರ್‌ಕೂಲರ್ ಇಲ್ಲದೆ ಅರ್ಧ ಬಾರ್ ಒತ್ತಿದ ಗಾಳಿ 80 ಡಿಗ್ರಿ ದಾಟುತ್ತದೆ. ಪೆಟ್ರೋಲ್ ಮಿಶ್ರಣ ಪ್ಲಗ್ಗಿನ ಕಿಡಿಯಿಂದ ಶಾಂತವಾಗಿ ಉರಿಯುವ ಬದಲು ಮೂಲೆಯಲ್ಲಿ ತಾನಾಗಿಯೇ ಸಿಡಿಯುತ್ತದೆ. ಅಪ್ಪ ಕೇಳಿದ ಶಬ್ದ ಅದೇ, ನಾಕಿಂಗ್. ಆಗಲೇ ಕಾಲು ತೆಗೆದಿದ್ದರೆ ಎಂಜಿನ್ ಉಳಿಯುತ್ತಿತ್ತೋ ಏನೋ.

ಟರ್ಬೊ ಇಲ್ಲದ ಎಂಜಿನ್‌ಗಳಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ, ಸಾಮಾನ್ಯವಾಗಿ ಜಾಸ್ತಿ ಇಟ್ಟಿರುತ್ತಾರೆ. ಅದರ ಮೇಲೆ ಬೂಸ್ಟ್ ಕೊಡುವುದು ದೊಡ್ಡ ಕಂಪನಿಗಳಿಗೇ ಕಷ್ಟವಾಗಿತ್ತು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತು. 10.25 ಕಂಪ್ರೆಷನ್. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಸಿಂಪಡಿಸುವ ವ್ಯವಸ್ಥೆ ಮಾಡಬೇಕಾಯಿತು. ಆ ದ್ರವ ತುಂಬಿಸಲು ಎಷ್ಟೋ ಮಾಲೀಕರು ಮರೆತರು, ತೊಂದರೆ ಜಾಸ್ತಿಯಾಗಿ ಕೊನೆಗೆ ಕಂಪನಿಯೇ ಟರ್ಬೊ ಬಿಚ್ಚಿ ಸಾದಾ ಕಾರ್ಬ್ಯುರೇಟರ್ ಹಾಕಿಕೊಟ್ಟಿತು. ಇದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ.

ಆರ್‌ಟಿಒ ತಲೆಬಿಸಿ ಇಲ್ಲ ಅನ್ನುವ ಮಾತೂ ಶುದ್ಧ ಸುಳ್ಳು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡುವುದು ಎಂಜಿನ್ ನಂಬರ್ ಒಂದನ್ನೇ ಅಲ್ಲ. ನಮ್ಮ ಕೇರಳದಿಂದಲೇ ಹೋದ ಕೇಸಿನಲ್ಲಿ, ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದು ಸೇರಿಸಿದರು. 15 ವರ್ಷ ದಾಟಿದ ಗಾಡಿಯನ್ನು ಐದು ವರ್ಷಕ್ಕೊಮ್ಮೆ ರಿನೀವಲ್‌ಗೆ ಒಯ್ಯಲೇಬೇಕು, ಬಾನೆಟ್ ಎತ್ತಿದರೆ ಟರ್ಬೊ ಎದುರಿಗೇ ಕಾಣುತ್ತದೆ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಅದನ್ನೇ ಕಾರಣ ಮಾಡಿ ಕಾರಿನ ಕ್ಲೇಮ್ ನಿರಾಕರಿಸಬಹುದು.

ದುಡ್ಡಿನ ಲೆಕ್ಕ ಹೇಳುತ್ತೇನೆ. ಟರ್ಬೊಗೆ 65 ಸಾವಿರ. ಪಿಸ್ಟನ್, ಬೋರ್, ಗ್ಯಾಸ್ಕೆಟ್ ಎಲ್ಲ ಸೇರಿ ಮತ್ತೆ ಎಂಜಿನ್ ಕಟ್ಟಿಸಲು 48 ಸಾವಿರ. ಮೊದಲ ಗ್ಯಾರೇಜಿನವರು ಒಂದು ರೂಪಾಯಿ ವಾಪಸ್ ಕೊಡಲಿಲ್ಲ. ನೀವು ಜೋರಾಗಿ ಓಡಿಸಿದ್ದೇ ತಪ್ಪು ಅಂದರು. ಜೋರಾಗಿ ಓಡಿಸಬಾರದಿದ್ದರೆ ಟರ್ಬೊ ಯಾಕೆ ಹಾಕಿಸಬೇಕಿತ್ತು?

ನಿಮ್ಮ ಹತ್ತಿರವೂ ಯಾರಾದರೂ ಹೀಗೆ ಹೇಳಿದರೆ ಇಷ್ಟು ಕೇಳಿ. ಮ್ಯಾಪ್ ಸೆನ್ಸರ್ ಯಾವುದು ಹಾಕುತ್ತೀರಿ? ಇಂಜೆಕ್ಟರ್ ಯಾವುದು? ಬೂಸ್ಟ್‌ನಲ್ಲಿ ಗಾಳಿ ಪೆಟ್ರೋಲ್ ಪ್ರಮಾಣ ಎಷ್ಟು ಬರುತ್ತದೆ, ಗ್ರಾಫ್ ತೋರಿಸುತ್ತೀರಾ? ಆರ್‌ಟಿಒ ಒಪ್ಪಿಗೆ ಬರಹದಲ್ಲಿ ಕೊಡಿಸುತ್ತೀರಾ? ನಾನು ಒಂದನ್ನೂ ಕೇಳಿರಲಿಲ್ಲ.

ಎಸ್ಟೀಮ್ ಈಗ ಟರ್ಬೊ ಇಲ್ಲದೆ ಮೊದಲಿನ ಹಾಗೆಯೇ ಓಡುತ್ತಿದೆ. ಚಡಾವಿನಲ್ಲಿ ಅಪ್ಪ ಎಸಿ ಆಫ್ ಮಾಡುತ್ತಾರೆ. ಒಡೆದ ಪಿಸ್ಟನ್ ಇಟ್ಟುಕೊಂಡಿದ್ದೇನೆ, ಬದಿಯಡ್ಕ ಕಡೆ ಬಂದವರು ನೋಡಬೇಕೆಂದರೆ ತೋರಿಸುತ್ತೇನೆ.