ಪೇಟೆಂಟ್ ತಕರಾರು: ಮಂಜೂರಾತಿಗೆ ಮುಂಚೆ ಹಾಕೋದಾ, ಆಮೇಲಾ?

ಮಂಡ್ಯದ ಹತ್ತಿರ ಆಲೆಮನೆ ನಡೆಸುವ ಗೆಳೆಯ ಮೊನ್ನೆ ಹಳೇ ನೋಟ್‌ಬುಕ್ ತಂದಿದ್ದ. ಅಂಚಿಗೆಲ್ಲ ಬೆಲ್ಲದ ಪಾಕ ಅಂಟಿತ್ತು, ಒಳಗೆ ಹದಿನೈದು ವರ್ಷದ ಲೆಕ್ಕ. ಅವನು ಬೆಲ್ಲ ಕಾಯಿಸುವ ರೀತಿಗೇ ಯಾರೋ ಪೇಟೆಂಟ್ ಅರ್ಜಿ ಹಾಕಿದ್ದಾರೆ. ಈಗಲೇ ತಕರಾರು ಹಾಕಲಾ, ಕಾಯಲಾ ಅಂತ ಕೇಳಿದ.

1970ರ ಪೇಟೆಂಟ್ ಕಾಯ್ದೆಯ 25(1) ಪ್ರಕಾರ, ಅರ್ಜಿ ಪ್ರಕಟವಾದ ಮೇಲೆ ಪೇಟೆಂಟ್ ಸಿಗುವವರೆಗೆ ಯಾರು ಬೇಕಾದರೂ ತಕರಾರು ಹಾಕಬಹುದು. 25(2) ಹಾಗಲ್ಲ. ಮಂಜೂರಾತಿ ಪ್ರಕಟವಾದ ಒಂದು ವರ್ಷದೊಳಗೆ, ಅದೂ ‘ಹಿತಾಸಕ್ತ ವ್ಯಕ್ತಿ’ಗೆ, ಅಂದರೆ ಆ ವಿಷಯದಲ್ಲಿ ನಿಜವಾದ ಹಿತಾಸಕ್ತಿ ಇರುವವನಿಗೆ ಮಾತ್ರ. ಬೆಲ್ಲ ಮಾಡಿ ಮಾರುವವನಿಗೆ ಅದನ್ನು ತೋರಿಸೋದು ಕಷ್ಟವಲ್ಲ, ಅಲ್ವಾ?

ನಿಜವಾದ ವ್ಯತ್ಯಾಸ ಅಪೀಲಿನಲ್ಲಿದೆ. ಮುಂಚೆ ಹಾಕಿ ಸೋತರೆ ತಕರಾರುದಾರನಿಗೆ 117ಎ ಅಡಿ ಅಪೀಲಿಲ್ಲ, ಆದರೆ ಅರ್ಜಿ ತಿರಸ್ಕಾರವಾದರೆ ಅರ್ಜಿದಾರನಿಗೆ ಇದೆ. ಇದು ನನಗೆ ಈಗಲೂ ನೋವಿನ ವಿಷಯ. 2010ರ ಯುಸಿಬಿ ಫಾರ್ಕಿಂ ಕೇಸಲ್ಲಿ ದೆಹಲಿ ಹೈಕೋರ್ಟ್, ಮಂಜೂರಾದ ಮೇಲಿನ ತಕರಾರಿನ ದಾರಿ ಇರುವಾಗ ಹಿತಾಸಕ್ತರಿಗೆ ರಿಟ್ (ಹೈಕೋರ್ಟಿಗೆ ನೇರವಾಗಿ ಹಾಕುವ ಅರ್ಜಿ) ಕೂಡ ಬೇಡ ಎಂದಿತು. ಆಮೇಲಿನ ತಕರಾರಿನಲ್ಲಾದರೆ ಸೋತವರು ಯಾರೇ ಇರಲಿ, ಮೂರು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು. 2021ರವರೆಗೆ ಆ ಅಪೀಲು ಐಪಿಎಬಿಗೆ, ಅಂದರೆ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋಗುತ್ತಿತ್ತು.

ಹಾಗಂತ ಸುಮ್ನೆ ಕಾಯಬೇಡ ಎಂದೆ. ಮುಂಚೆ ಸೋತರೂ ಆಮೇಲಿನ ಬಾಗಿಲು ತೆರೆದೇ ಇರುತ್ತೆ. ಆದರೆ 2024ರ ನಿಯಮದಿಂದ ಮುಂಚಿನ ತಕರಾರಿಗೂ ಶುಲ್ಕವಿದೆ, ಆ ತಕರಾರು ವಿಚಾರಣೆಗೆ ಯೋಗ್ಯವೇ ಅಂತ ಕಂಟ್ರೋಲರ್ (ಪೇಟೆಂಟ್ ಕಚೇರಿಯ ಅಧಿಕಾರಿ) ಮೊದಲೇ ನೋಡುತ್ತಾರೆ. ಅದಕ್ಕೇ ಈ ರೀತಿ ಮುಂಚಿನಿಂದಲೂ ಇತ್ತು ಅಂತ ತೋರಿಸುವ ನೋಟ್‌ಬುಕ್, ಹಳೇ ಬಿಲ್ಲು, ಪಕ್ಕದ ಆಲೆಮನೆಯವರ ಅಫಿಡವಿಟ್ಟು ಎಲ್ಲ ಮೊದಲ ದಿನವೇ ಜೊತೆಗಿಡಬೇಕು.