ಬೀಡು ಕಬ್ಬಿಣಕ್ಕೆ ನಿಕ್ಕಲ್ ರಾಡ್: ದೀರ್ಘಕಾಲದ ಬಳಕೆಯ ನಂತರ

ಬೆಳಗಾವಿಯಂತಹ ಫೌಂಡ್ರಿಗಳ ಊರಿನಲ್ಲಿ ರಿಪೇರಿ ವರ್ಕ್‌ಶಾಪ್ ನಡೆಸುವವನಿಗೆ ಒಡೆದ ಬೀಡು (ಎರಕದ ಕಬ್ಬಿಣ) ಬಾರದ ವಾರವಿಲ್ಲ. ಆಲೆಮನೆಯ ಗಾಣದ ಚೌಕಟ್ಟು, ಪಂಪಿನ ಕೇಸಿಂಗ್, ಹಳೆಯ ಲೇತಿನ ಗೇರ್ ಬಾಕ್ಸ್, ಹೀಗೆ ಏನಾದರೊಂದು ಬಂದೇ ಬರುತ್ತದೆ. ಇವುಗಳ ಬೆಸುಗೆಗೆ ನಾನು ಹಲವು ವರ್ಷಗಳಿಂದ ಎರಡು ಬಗೆಯ ರಾಡ್ ಇಟ್ಟುಕೊಂಡಿದ್ದೇನೆ: ಒಂದು, ಪೇಟೆಯಲ್ಲಿ '99' ಎಂದು ಕರೆಯುವ, ಬಹುಪಾಲು ಶುದ್ಧ ನಿಕ್ಕಲ್ ಇರುವ ಇಎನ್‌ಐ-ಸಿಐ, ಇನ್ನೊಂದು, ಸುಮಾರು ಶೇ. 55ರಷ್ಟು ನಿಕ್ಕಲ್ ಮತ್ತು ಉಳಿದಂತೆ ಮುಖ್ಯವಾಗಿ ಕಬ್ಬಿಣ ಇರುವ ಇಎನ್‌ಐಎಫ್‌ಇ-ಸಿಐ. ಈ ಹೆಸರುಗಳು ಯಾವುದೇ ಕಂಪನಿಯ ಸೊತ್ತಲ್ಲ. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಎ5.15 ವರ್ಗೀಕರಣಕ್ಕೆ ಸೇರಿದವು. ಆದುದರಿಂದ ನನ್ನ ಈ ವಿಮರ್ಶೆ ಬ್ರಾಂಡಿನ ಬಗ್ಗೆಯಲ್ಲ, ಆ ಎರಡು ವರ್ಗಗಳ ಬಗ್ಗೆ.

ಸಾಮಾನ್ಯ ಎಂಎಸ್ (ಮೆದು ಉಕ್ಕಿನ) ರಾಡಿನಿಂದ ಬೀಡಿಗೆ ಬೆಸುಗೆ ಹಾಕಿದರೆ ಕರಗಿದ ಉಕ್ಕು ಬೀಡಿನಲ್ಲಿರುವ ಇಂಗಾಲವನ್ನು ಎಳೆದುಕೊಂಡು, ತಣಿಯುವಾಗ ಡ್ರಿಲ್ ಕೂಡ ಕಚ್ಚದಷ್ಟು ಗಡುಸಾಗುತ್ತದೆ, ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ನಿಕ್ಕಲ್ ಇಂಗಾಲದೊಡನೆ ಕಾರ್ಬೈಡ್ ಕಟ್ಟಿಕೊಳ್ಳುವುದಿಲ್ಲ. ಹೆಚ್ಚುವರಿ ಇಂಗಾಲ ಗ್ರಾಫೈಟ್ ಆಗಿ ಹೊರಬೀಳುವಾಗ ಬೆಸುಗೆಯ ಗಾತ್ರ ತುಸು ಹಿಗ್ಗುವುದರಿಂದ ಕುಗ್ಗುವಿಕೆಯ ಎಳೆತವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಈ ರಾಡುಗಳಿಗೆ ಅಷ್ಟು ದುಬಾರಿ ಬೆಲೆ ಕೊಡುವುದು ಈ ಗುಣಕ್ಕಾಗಿಯೇ.

ಆದರೆ ಕೈಗೆ ಬಂದ ಲೋಹ ಯಾವುದೆಂದು ತಿಳಿಯದೆ ಪೊಟ್ಟಣ ಒಡೆಯುವುದು ಹಣ ಸುಟ್ಟಂತೆ. ಬೂದು ಬೀಡಿನ ಒಡಕು ಮುಖ ಕಪ್ಪುಬೂದು ಬಣ್ಣದ್ದು, ಉಜ್ಜಿದರೆ ಬೆರಳಿಗೆ ಮಸಿ ಹತ್ತುತ್ತದೆ. ಉಳಿಯಿಂದ ಕೆತ್ತಿದರೆ ಪುಡಿಪುಡಿಯಾಗಿ ಉದುರುತ್ತದೆ. ಗ್ರೈಂಡರಿನ ಕಿಡಿ ಗಿಡ್ಡ, ಮಂಕು ಕೆಂಪು. ಬಿಳಿ ಬೀಡಿನ ಒಡಕು ಬೆಳ್ಳಿಯಂತೆ ಹೊಳೆಯುತ್ತದೆ, ಅರ ಜಾರುತ್ತದೆ. ಅದಕ್ಕೆ ಬೆಸುಗೆ ಹಾಕಲು ನಾನು ಒಪ್ಪುವುದಿಲ್ಲ. ಎಸ್‌ಜಿ ಕಬ್ಬಿಣವನ್ನು (ಗ್ರಾಫೈಟ್ ಗುಂಡುಗುಂಡಾಗಿ ಕೂತಿರುವ ಬೀಡು) ತೂಗುಹಾಕಿ ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನಾದ ಉಳಿಯುತ್ತದೆ, ಬೂದು ಬೀಡಿನ ಸದ್ದು ಅಲ್ಲೇ ಸತ್ತುಹೋಗುತ್ತದೆ. ಎರಕದ ಮೈಮೇಲೆ ಎಫ್‌ಜಿ 260, ಎಸ್‌ಜಿ 500 ಎಂಬ ಉಬ್ಬಕ್ಷರ (ಮೊದಲನೆಯದು ಬೂದು ಬೀಡಿನ ದರ್ಜೆ, ಎರಡನೆಯದು ಎಸ್‌ಜಿಯದು) ಕಂಡರೆ ಪರೀಕ್ಷೆಯೇ ಬೇಡ. ಬಿಳಿ ಬೀಡನ್ನು ದೀರ್ಘಕಾಲ ಕಾಯಿಸಿ ಬಗ್ಗುವಂತೆ ಮಾಡಿದ ಮ್ಯಾಲಿಯಬಲ್ ಫಿಟ್ಟಿಂಗ್‌ಗಳನ್ನು ಕರಗಿಸಿದರೆ ಆ ಜಾಗ ಮತ್ತೆ ಬಿಳಿ ಬೀಡಾಗುವುದರಿಂದ ಅವುಗಳಿಗೆ ಹಿತ್ತಾಳೆ ಬ್ರೇಜಿಂಗೇ ಸರಿ. ಬೀಡೆಂದು ತಂದ ತುಂಡು ಕೆಲವೊಮ್ಮೆ ಎರಕದ ಉಕ್ಕಾಗಿರುತ್ತದೆ: ಉದ್ದನೆಯ, ಬೆಳ್ಳಗೆ ಕವಲೊಡೆಯುವ ಕಿಡಿ, ಸುರುಳಿಯಾಗಿ ಏಳುವ ಸಿಬಿರು. ಸಾಮಾನ್ಯವಾಗಿ ಅದಕ್ಕೆ ಉಕ್ಕಿನ ಬೆಸುಗೆಯ 7018 ರಾಡೇ ಸಾಕು.

99ರ ಬೆಸುಗೆ ಮೆದು. ಬೋರಿಂಗ್ ಮಾಡಬೇಕಾದ (ತೂತನ್ನು ಅಳತೆಗೆ ಕೊರೆಯಬೇಕಾದ), ತೆಳು ಗೋಡೆಯ ಬೂದು ಬೀಡಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ರಂಜಕ ಹೆಚ್ಚಿರುವ ಹಳೆಯ ಎರಕಗಳಲ್ಲಿ ಅದು ಬಿಸಿಯಿರುವಾಗಲೇ ಸೀಳುವುದುಂಟು. ಅಲ್ಲಿ, ದಪ್ಪ ಎರಕಗಳಲ್ಲಿ ಮತ್ತು ಎಸ್‌ಜಿಯಲ್ಲಿ 55ರ ರಾಡೇ ಮೇಲು: ಬಲ ಹೆಚ್ಚು, ಬೆಲೆಯೂ ಕಡಿಮೆ. ನನ್ನಲ್ಲಿ ಹೆಚ್ಚು ಖರ್ಚಾಗುವುದು ಇದೇ.

ಗಾಣದ ಬೇರಿಂಗ್ ಕೂರುವ ಜಾಗದ ಬಿರುಕನ್ನೇ ತೆಗೆದುಕೊಳ್ಳಿ. ಬಿರುಕಿನ ಎರಡೂ ತುದಿಗೆ ಚಿಕ್ಕ ತೂತು ಕೊರೆದು, ಉಳಿಯಿಂದ 'ವಿ' ಆಕಾರದ ತೋಡು ತೆಗೆಯಬೇಕು. ಗ್ರೈಂಡರ್ ಕಲ್ಲು ಗ್ರಾಫೈಟನ್ನು ಮೈಗೆಲ್ಲ ಸವರಿಬಿಡುವುದರಿಂದ ಉಳಿಯೇ ವಾಸಿ. ವರ್ಷಗಟ್ಟಲೆ ಗ್ರೀಸ್ ಕುಡಿದ ಎರಕವನ್ನು ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಹೊಗೆ ನಿಲ್ಲುವವರೆಗೆ ಎಣ್ಣೆ ಹೊರಡಿಸದಿದ್ದರೆ ಮೊದಲ ಪದರದ ತುಂಬ ಗಾಳಿಗುಳ್ಳೆ ಏಳುತ್ತವೆ. ಬಳಿಕ 3.15 ಮಿಮೀ ರಾಡಿಗೆ 90 ಆಂಪಿಯರಿನ ಆಸುಪಾಸು ಇಟ್ಟು, ಒಮ್ಮೆಗೆ ಸುಮಾರು 25 ಮಿಮೀ ಮಾತ್ರ ಹಾಕಿ, ಕೆಂಪು ಆರುವ ಮೊದಲೇ ಗುಂಡುಮೂತಿಯ ಸುತ್ತಿಗೆಯಿಂದ ಹಗುರಾಗಿ ತಟ್ಟಿ, ಕೈ ಇಡುವಷ್ಟು ತಣಿಯುವವರೆಗೆ ಕಾಯಬೇಕು. ಗಿರಾಕಿಗೆ ಇದು ಸೋಮಾರಿತನದಂತೆ ಕಾಣುತ್ತದೆ. ಎರಕ ದಪ್ಪವಿದ್ದರೆ ಈ ಕ್ರಮ ಬಿಟ್ಟು ಇಡೀ ತುಂಡನ್ನು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಸಮನಾಗಿ ಕಾಯಿಸಿ ಬೆಸೆದು, ಒಣ ಸುಣ್ಣದ ಪುಡಿಯಲ್ಲಿ ಹೂತು ನಿಧಾನವಾಗಿ ಆರಿಸುತ್ತೇನೆ. ಎರಡನ್ನೂ ಅರೆಬರೆ ಬೆರೆಸುವವರ ಕೆಲಸವೇ ಮರಳಿ ಬಿರಿದು ಬರುವುದು.

ಕೊರತೆಗಳೂ ಇವೆ. ಬೆಸುಗೆ ಮೆದುವಾದರೂ ಅಂಚಿನಲ್ಲಿ ಗಡುಸು ಗೆರೆಯೊಂದು ಉಳಿದು, ಅಲ್ಲಿ ಅರ ಜಾರುತ್ತದೆ. ಬೆಳ್ಳಗಿನ ನಿಕ್ಕಲ್ ಬೀಡಿನ ಬಣ್ಣಕ್ಕೆ ಹೊಂದದು, ಪೇಂಟ್ ಬಳಿಯಲೇಬೇಕು. ಗಾಣದ ಹಲ್ಲುಚಕ್ರದ ಮುರಿದ ಹಲ್ಲಿನಂತಹ ಪೆಟ್ಟು ತಿನ್ನುವ ಜಾಗಕ್ಕೆ ನಾನು ಇವೆರಡನ್ನೂ ನಂಬುವುದಿಲ್ಲ. ಹೊಸ ಎರಕ ಮಾಡಿಸಿಕೊಳ್ಳಿ ಎನ್ನುತ್ತೇನೆ. ಹೊಸದಾಗಿ ಕೊಳ್ಳುವವರು 55ರ 3.15 ಮಿಮೀ ಪೊಟ್ಟಣ ಒಂದನ್ನು ಪೂರ್ತಿ ಕೊಂಡು, 99ರ 2.5 ಮಿಮೀ ರಾಡನ್ನು ಬಿಡಿಯಾಗಿ ಸಿಗುವ ಅಂಗಡಿಯಲ್ಲಿ ಬೇಕಾದಷ್ಟೇ ತೆಗೆದುಕೊಳ್ಳುವುದು ಲೇಸು. ಮಳೆಗಾಲದಲ್ಲಿ ಒಡೆದ ಪೊಟ್ಟಣದ ರಾಡುಗಳ ಲೇಪ ಬಲುಬೇಗ ತೇವ ಎಳೆದುಕೊಳ್ಳುತ್ತದೆ.